ಮೆಷಿನ್ ಆಮೇಲೆ, ಮೊದಲು ಡೈ

ಪ್ರೀತಿಯ ಅಳಿಯ,

ಚಿಂತಾಮಣಿಯಲ್ಲಿ ಅಂಗಡಿ ಹಿಡಿದೆಯಂತೆ. ಅಕ್ಕ ಫೋನಿನಲ್ಲಿ ಹೇಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಪೈಪಿಗೆ ಥ್ರೆಡ್ ಹೊಡೆಯೋ ಮೆಷಿನ್ ಕೊಡಿಸೋಕೆ ತನ್ನ ಬಳೆ ಅಡ ಇಡ್ತೀನಿ ಅಂದಳು. ಬೇಡ ಅಂದೆ. ಯಾಕೆ ಅನ್ನೋದನ್ನು ನಿನಗೇ ಬರೀತಿದ್ದೀನಿ, ನಿಧಾನವಾಗಿ ಓದು.

ಹೊಸ ಮನೆಗಳಿಗೆಲ್ಲ ಈಗ ಸಿಪಿವಿಸಿ, ಯುಪಿವಿಸಿ ಪೈಪೇ. ಸಲ್ಯೂಷನ್ ಹಚ್ಚಿ ಕೂರಿಸಿದರೆ ಆಯ್ತು. ಥ್ರೆಡ್ ಹೊಡೆಯಬೇಕಾದ ಜಿಐ ಪೈಪ್ ಉಳಿದಿರೋದು ಹಳೇ ಮನೆಗಳ ರಿಪೇರಿಯಲ್ಲಿ, ಮತ್ತೆ ನಮ್ಮ ಕಡೆಯ ಬೋರ್‌ವೆಲ್‌ಗಳಲ್ಲಿ. ಹಳೇ ಮನೆಗೆ ಬೇಕಾಗೋದು ಅರ್ಧ, ಮುಕ್ಕಾಲು, ಒಂದು ಇಂಚು. ಅದಕ್ಕೆ ಕೈಯಲ್ಲಿ ಹೊಡೆಯೋ ರ್ಯಾಚೆಟ್ ಡೈ ಸೆಟ್ ಸಾಕು. ಗೋಡೆ ಪಕ್ಕದಲ್ಲಿ ಹಿಡಿ ಪೂರ್ತಿ ಸುತ್ತೋಕೆ ಜಾಗ ಇಲ್ಲದಿದ್ದರೂ ಹಿಂದೆ ಮುಂದೆ ಆಡಿಸಿಯೇ ಥ್ರೆಡ್ ಹೊಡೆಯಬಹುದು. ಮನೆಗೊಂದು ಸೆಟ್ ಇರಲಿ ಅಂತ ಕೇಳಿಕೊಂಡು ಬರೋರಿಗೆ ಮಾತ್ರ ಅದನ್ನು ಮಾರಬೇಡ. ನಲ್ಲಿ ಬದಲಾಯಿಸೋಕೆ ರೆಡಿಮೇಡ್ ನಿಪ್ಪಲ್ ಸಿಗುತ್ತೆ. ಅಳತೆ ಬೇರೆ ಬೇಕಿದ್ದರೆ ಪೈಪ್ ತರಲಿ, ನೀನೇ ಹೊಡೆದುಕೊಡು.

ಬೋರ್‌ವೆಲ್ ಕೆಲಸವೇ ಬೇರೆ. ಒಂದೂವರೆ ಇಂಚಿನ ಮೀಡಿಯಂ ಪೈಪ್ ಮೀಟರಿಗೆ ಸುಮಾರು ಮೂರೂವರೆ ಕೆಜಿ ತೂಗುತ್ತೆ. ಮೋಟರನ್ನು 600 ಅಡಿಗೆ ಇಳಿಸಿದೆ ಅನ್ನು: ಪೈಪೇ 650 ಕೆಜಿ ಹತ್ತಿರ, ಒಳಗೆ ನಿಂತ ನೀರು ಇನ್ನು 250 ಕೆಜಿ, ಅದರ ಮೇಲೆ ಮೋಟರು, ಪಂಪು. ಅಷ್ಟನ್ನೂ ಹೊರೋದು ಮೇಲಿನ ಕಪ್ಲಿಂಗ್‌ನೊಳಗೆ ಕೂತ, ಎರಡು ಸೆಂಟಿಮೀಟರ್ ಕೂಡ ಉದ್ದವಿಲ್ಲದ ಥ್ರೆಡ್ಡು. ಆ ಥ್ರೆಡ್ಡು ಹಿಡಿತ ಬಿಟ್ಟರೆ ಮೋಟರ್ ತಳ ಸೇರುತ್ತೆ, ರೈತನ ಆ ವರ್ಷದ ಟೊಮೇಟೊ ದುಡ್ಡು ಅದರ ಹಿಂದೆಯೇ ಹೋಗುತ್ತೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳೋದು.

ಥ್ರೆಡ್ಡಿನ ಗುಣ ಇರೋದು ಡೈಯಲ್ಲಿ. ಒಂದು ಇಂಚಿನಿಂದ ಎರಡು ಇಂಚಿನವರೆಗೂ ಇಂಚಿಗೆ 11 ಥ್ರೆಡ್, ಒಂದೊಂದರ ಆಳ ಒಂದೂವರೆ ಮಿಲಿಮೀಟರ್ ಹತ್ತಿರ. ಒಂದೂವರೆ ಇಂಚಿನ ಮೀಡಿಯಂ ಪೈಪಿನ ದಪ್ಪವೇ 3.2 ಮಿಲಿಮೀಟರ್. ಅಂದರೆ ಹೊಡೆದ ಮೇಲೆ ಉಳಿಯೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊಂಡಾದ ಡೈ ಆ ಅರ್ಧವನ್ನೂ ಕಿತ್ತು ಹಾಕುತ್ತೆ. ಹಳದಿ ಪಟ್ಟಿಯ ಲೈಟ್ ಪೈಪನ್ನು ಬೋರಿಗೆ ಇಳಿಸೋಕೆ ಯಾರು ತಂದುಕೊಟ್ಟರೂ ಥ್ರೆಡ್ ಹೊಡೆಯಬೇಡ. ನೀಲಿ ಪಟ್ಟಿಯ ಮೀಡಿಯಂ ಇಲ್ಲವೇ ಕೆಂಪು ಪಟ್ಟಿಯ ಹೆವಿ ಪೈಪ್ ತರಿಸು. ಡೈ ಚೂಪಾಗಿದೆಯಾ ಅಂತ ತಿಳಿಯೋಕೆ ಉದುರೋ ಚೂರನ್ನು ನೋಡು. ಚೂಪಾಗಿದ್ದರೆ ಸುರುಳಿಯಾಗಿ ಬರುತ್ತೆ. ಪುಡಿಪುಡಿಯಾಗಿ ಉದುರಿ, ಥ್ರೆಡ್ಡಿನ ನೆತ್ತಿ ಹರಿದ ಹಾಗೆ ಕಂಡರೆ ಆ ಡೈ ಮುಗೀತು. ಹೊಸದಾಗಿ ಹೊಡೆದಿದ್ದರ ಮೇಲೆ ಕಪ್ಲಿಂಗ್ ಕೈಯಲ್ಲೇ ನಾಲ್ಕೈದು ಸುತ್ತು ಹೋಗಿ ಹಿಡಿಯಬೇಕು, ಆಮೇಲೆ ಪೈಪ್ ರೆಂಚ್. ಕೈಯಲ್ಲೇ ಕೊನೆವರೆಗೂ ಹೋದರೆ ಸಡಿಲ ಅಂತಲೇ ಲೆಕ್ಕ, ಕತ್ತರಿಸಿ ಮತ್ತೆ ಹೊಡಿ. ಥ್ರೆಡ್ ಹೊಡೆಯುವಾಗ ಪೈಪಿನ ತುದಿ ಡೈಯ ಮುಖಕ್ಕೆ ಸಮ ಬಂದ ಕೂಡಲೇ ನಿಲ್ಲಿಸಬೇಕು.

ಡೈಯ ನಾಲ್ಕು ತುಂಡಿನ ಮೇಲೂ 1ರಿಂದ 4ರವರೆಗೆ ನಂಬರ್ ಇರುತ್ತೆ. ಅದೇ ನಂಬರಿನ ಸ್ಲಾಟಿನಲ್ಲೇ ಕೂರಿಸು, ಒಂದು ಸೆಟ್ಟಿನ ತುಂಡು ಇನ್ನೊಂದಕ್ಕೆ ಸೇರಿಸಬೇಡ. ಗುಜರಿಯಲ್ಲಿ ಸಿಗೋ ಫಾರಿನ್ ಸೆಟ್ಟಿಗೆ ಮರುಳಾಗಬೇಡ. ನಮ್ಮದು ಬಿಎಸ್‌ಪಿಟಿ ಥ್ರೆಡ್, ಅದರ ಕೋನ 55 ಡಿಗ್ರಿ. ಅಮೆರಿಕದ ಎನ್‌ಪಿಟಿ 60 ಡಿಗ್ರಿ. ಅರ್ಧ, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ ಇರೋದರಿಂದ ಸಲೀಸಾಗಿ ಸೇರುತ್ತೆ, ಆಮೇಲೆ ಸೋರುತ್ತೆ.

ಇನ್ನು ದುಡ್ಡು ಹಾಕಬೇಕಾದ್ದು ವೈಸಿಗೆ, ಗಟ್ಟಿಯಾದ ಚೈನ್ ವೈಸ್ ತಗೋ. ಪೈಪ್ ಅಲುಗಿದರೆ ಎಂಥ ಡೈ ಆದರೂ ಓರೆಯೇ ಹೊಡೆಯುತ್ತೆ, ಓರೆ ಥ್ರೆಡ್ಡು ಒಂದು ಕಡೆ ತೆಳ್ಳಗಾಗಿ ಅಲ್ಲೇ ಮುರಿಯುತ್ತೆ. ಕಟ್ಟರ್‌ನಲ್ಲಿ ಕತ್ತರಿಸಿದ ಮೇಲೆ ಒಳಗಿನ ಅಂಚನ್ನು ರೀಮರ್ ಹಾಕಿ ತೆಗಿ. ಥ್ರೆಡ್ ಕಟಿಂಗ್ ಆಯಿಲ್ಲೇ ಬಳಸು. ಸುಟ್ಟ ಇಂಜಿನ್ ಆಯಿಲ್ ಬೇಡ, ಆ ಪೈಪಿನ ನೀರನ್ನು ಮಕ್ಕಳು ಕುಡೀತಾರೆ.

ಬೋರ್‌ವೆಲ್ ಲಾರಿಯವರು ಖಾಯಂ ಬರೋಕೆ ಶುರು ಮಾಡಿದ ಮೇಲೆ ಮೆಷಿನ್ ತಗೋ, ದುಡಿಮೆಯ ದುಡ್ಡಿನಲ್ಲೇ. ಆಗಲೂ ನೆಲದ ಮೇಲೆ ನಿಲ್ಲೋ, ಕಾಲಲ್ಲಿ ಒತ್ತೋ ಸ್ವಿಚ್ ಇರೋದನ್ನೇ ನೋಡು. ಕೈಯಲ್ಲಿ ಹಿಡಿಯೋ ಮೆಷಿನ್ನಿಗೆ ಸಪೋರ್ಟ್ ಆರ್ಮ್ ಕಟ್ಟದಿದ್ದರೆ ಡೈ ಕಚ್ಚಿದಾಗ ಮಣಿಕಟ್ಟೇ ತಿರುಚಿಹೋಗುತ್ತೆ. ತಿರುಗೋ ಪೈಪಿನ ಹತ್ತಿರ ಗ್ಲೌಸ್ ಬೇಡ, ಉದ್ದ ತೋಳಿನ ಅಂಗಿ ಬೇಡ, ಕತ್ತಿನ ಟವೆಲ್ಲಂತೂ ಬೇಡವೇ ಬೇಡ. ಇದೊಂದು ಮಾತನ್ನು ನನಗೋಸ್ಕರ ನಡೆಸಿಕೊಡು ಕಂದ.

ಬೆಂಗಳೂರಿನ ಎಸ್‌.ಜೆ.ಪಿ. ರೋಡಿಗೆ ಹೋಗೋ ದಿನ ಮುಂಚೆಯೇ ಫೋನ್ ಮಾಡು, ನಾನೂ ಬರ್ತೀನಿ. ಬರುವಾಗ ಒಂದೂವರೆ ಇಂಚಿನ ಹೊಸ ಕಪ್ಲಿಂಗ್ ಒಂದು, ಗೇಣುದ್ದದ ಪೈಪ್ ತುಂಡು ಒಂದು ತಗೊಂಡು ಬಾ. ಅಂಗಡಿಯಲ್ಲೇ ಹೊಡೆಸಿ ನೋಡಿ ತಗೊಳ್ಳೋಣ.

ಇಂತಿ ನಿನ್ನ
ಮಾವ