ಘಣಸೋಲಿ: ಖಾಡಿಯ ದಂಡೆಯ ಒಂದು ಹಳ್ಳಿ

ಊರಕಡೆಯಿಂದ ಬಂದ ಬಂಧುಗಳು “ನೀವಿರುವುದು ಎಲ್ಲಿ?” ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ “ಮುಂಬಯಿ” ಎಂದುಬಿಡುತ್ತೇವೆ. ಇನ್ನೂ ಕೇಳಿದರೆ “ನವಿ ಮುಂಬಯಿ”. ಅದಕ್ಕೂ ಸಮಾಧಾನವಾಗದಿದ್ದರೆ ಸೆಕ್ಟರಿನ ಅಂಕಿ. ಘಣಸೋಲಿ ಎಂಬುದು ಒಂದು ಸ್ಟೇಶನ್ನಿನ ಹೆಸರು ಎಂದಷ್ಟೇ ಬಲ್ಲವರು ಎಷ್ಟೋ ಜನ. ಆದರೆ ಸ್ಟೇಶನ್ನಿಗಿಂತ ಮುಂಚೆ, ಸೆಕ್ಟರಿಗಿಂತ ಮುಂಚೆ ಇಲ್ಲೊಂದು ಹಳ್ಳಿಯಿತ್ತು, ಇಂದಿಗೂ ಇದೆ. ನಾವು ಬಿಡಾರ ಹೂಡಿರುವ ಈ ನೆಲದ ಪರಿಚಯ ನಮಗಿರಬೇಡವೇ?

ಮೊದಲು ಊರಿನ ನೆಲೆಯನ್ನು ನೋಡೋಣ. ಪೂರ್ವಕ್ಕೆ ಪಾರಸಿಕ ಗುಡ್ಡಗಳ ಸಾಲು, ಪಶ್ಚಿಮಕ್ಕೆ ಠಾಣೆಯ ಖಾಡಿ. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ದಕ್ಷಿಣೋತ್ತರವಾಗಿ ಠಾಣೆ-ಬೇಲಾಪುರ ರಸ್ತೆಯೂ ರೈಲುಹಳಿಯೂ ಹಾದುಹೋಗಿವೆ. ಉತ್ತರಕ್ಕೆ ರಬಾಳೆ, ದಕ್ಷಿಣಕ್ಕೆ ಕೋಪರಖೈರಣೆ. ರಸ್ತೆಯಾಚೆ ಪೂರ್ವಕ್ಕೆ ಕಾರಖಾನೆಗಳು, ಮಹಾಪೆ, ಅದರ ಹಿಂದೆ ಗುಡ್ಡ. ಹಳಿಯ ಈಚೆ ಹಳ್ಳಿ, ನಮ್ಮ ಸೆಕ್ಟರುಗಳು, ಆಮೇಲೆ ಕಾಂಡ್ಲಾ ಗಿಡಗಳ ಹಸುರು, ಕೊನೆಗೆ ಖಾಡಿಯ ಕೆಸರು, ನೀರು. ಚಳಿಗಾಲದಿಂದ ಬೇಸಿಗೆಯವರೆಗೆ ಈ ಖಾಡಿಗೆ ಸಾವಿರಾರು ರಾಜಹಂಸಗಳು ಬಂದಿಳಿಯುತ್ತವೆ. ಖಾಡಿಯ ಒಂದು ಭಾಗವನ್ನು 2015ರಲ್ಲಿ ಸರಕಾರವು ಅವುಗಳ ಅಭಯಧಾಮವೆಂದು ಸಾರಿತು. 2022ರಲ್ಲಿ ಅದಕ್ಕೆ ರಾಮ್‌ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಮಳೆಗಾಲದಲ್ಲಿ ಗುಡ್ಡದ ನೀರು ನಾಲೆಗಳಿಂದ ಧಾವಿಸಿ ಬರುತ್ತದೆ. ಅದೇ ಹೊತ್ತಿಗೆ ಭರತ ಬಂದರೆ ಖಾಡಿಯು ಆ ನೀರನ್ನು ಒಳಗೆ ಕರೆಯುವುದಿಲ್ಲ. ಇಲ್ಲಿನ ಮಳೆಗೆ ಛತ್ರಿಯೊಂದೇ ಸಾಲದು, ಭರತ-ಇಳಿತದ ಪಂಚಾಂಗವೂ ಬೇಕು!

ಇನ್ನು ಚರಿತ್ರೆ. ಸಾವಿರ ವರುಷಗಳ ಹಿಂದೆ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ನಮ್ಮ ಠಾಣೆಯೇ ಅವರ ಶ್ರೀಸ್ಥಾನಕ. ಈ ಶಿಲಾಹಾರರು ಮೊದಲಿಗೆ ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟರ ಸಾಮಂತರಾಗಿದ್ದರು. ಖಾಡಿಯಾಚೆ ಬೋರಿವಲಿಯ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷ ನೃಪತುಂಗನ ಹೆಸರಿದೆ. ಕವಿರಾಜಮಾರ್ಗದೊಡನೆ ಯಾವ ದೊರೆಯ ಹೆಸರನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದೆವೋ, ಆ ದೊರೆಯ ಅಧಿಕಾರ ಈ ಕಡಲಂಚಿನವರೆಗೂ ನಡೆದಿತ್ತು. ಹಾಗೆಂದು ಎದೆಯುಬ್ಬಿಸಿ ನಡೆಯಬೇಕಾಗಿಲ್ಲ. ರಾಜರು ಬಂದರು, ಹೋದರು. ಮುಂದೆ ಈ ಪ್ರಾಂತಕ್ಕೆ ಪೋರ್ತುಗೀಜರು ಬಂದರು, ಮರಾಠರು ಬಂದರು, ಕೊನೆಗೆ ಇಂಗ್ಲಿಷರು ಬಂದರು. ಊರಿನಲ್ಲಿ ಉಳಿದವರು ಮಾತ್ರ ಗದ್ದೆ, ಉಪ್ಪು, ಮೀನುಗಳನ್ನು ನಂಬಿದ ಆಗ್ರಿ ಮತ್ತು ಕೋಳಿ ಜನ.

“ಆಗ್ರಿ” ಎಂಬ ಹೆಸರು ಬಂದದ್ದು “ಆಗರ”ದಿಂದ ಎಂದು ಹೇಳುತ್ತಾರೆ. ಉಪ್ಪಿನಾಗರ ಎಂದರೆ ನಮಗೇನು ಹೊಸತೇ? ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಇಂದಿಗೂ ಆಗರಗಳಲ್ಲಿ ಉಪ್ಪು ತೆಗೆಯುತ್ತಾರೆ; ಉತ್ತರ ಕನ್ನಡದಲ್ಲಿ ಆ ಕೆಲಸದವರಿಗೆ ಆಗೇರರೆಂದೇ ಹೆಸರು. ಅಘನಾಶಿನಿಯ ಮುಖದಲ್ಲಿ ಕಟ್ಟು ಕಟ್ಟಿ, ಉಪ್ಪುನೀರನ್ನು ತಡೆದು, ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವಂತೆಯೇ ಇಲ್ಲಿಯ ರೈತರೂ ಖಾಡಿಯಂಚಿನಲ್ಲಿ ಕಟ್ಟು ಹಾಕಿ, ಖಾರ್ ಜಮೀನಿನಲ್ಲಿ ಭತ್ತ ಬೆಳೆದರು. ಕುಮಟೆಯವರೊಬ್ಬರು ಆ ದಿನಗಳಲ್ಲಿ ಇಲ್ಲಿಗೆ ಬಂದಿದ್ದರೆ ತಮ್ಮೂರಿಗೇ ಬಂದೆವೆಂದುಕೊಳ್ಳುತ್ತಿದ್ದರು.

1960ರ ದಶಕದಲ್ಲಿ ಠಾಣೆ-ಬೇಲಾಪುರ ರಸ್ತೆಯ ಬದಿಗೆ ಕಾರಖಾನೆಗಳು ಎದ್ದವು. 1965ರಲ್ಲಿ ಚಾರ್ಲ್ಸ್ ಕೊರೆಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಎಂಬ ಮೂವರು, ಮುಂಬಯಿಯ ಇಕ್ಕಟ್ಟಿಗೆ ಪರಿಹಾರವಾಗಿ ಖಾಡಿಯಾಚೆ ಹೊಸ ನಗರವಾಗಬೇಕೆಂದು ಯೋಜನೆಯನ್ನು ಮುಂದಿಟ್ಟರು. 1970ರ ಮಾರ್ಚಿಯಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ಸುಮಾರು 344 ಚದರ ಕಿಲೋಮೀಟರು, 95 ಹಳ್ಳಿಗಳು ಯೋಜನೆಯೊಳಗೆ ಬಂದವು; ಅವುಗಳಲ್ಲಿ ಘಣಸೋಲಿಯೂ ಒಂದು. ಗದ್ದೆಗಳು ಸರಕಾರಕ್ಕೆ ಹೋದವು. ಮನೆಗಳಿದ್ದ ಗಾವಠಾಣ ಮಾತ್ರ ಹಳ್ಳಿಗರಿಗೆ ಉಳಿಯಿತು.

ಸರಕಾರಿ ಕಚೇರಿಯ ಗುಮಾಸ್ತನಾದ ನನಗೆ ಈ “ಗಾವಠಾಣ” ಎಂಬ ಶಬ್ದ ಕಂಡಾಗಲೆಲ್ಲ ಮನಸ್ಸು ಬಾಗಲಕೋಟೆಗೆ ಹೋಗುತ್ತದೆ. 1956ರವರೆಗೆ ಆ ಸೀಮೆಯೂ ಠಾಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವಷ್ಟೆ. ಗಾವಠಾಣ, ಉತಾರ ಎಂಬ ಮಾತುಗಳು ಅಲ್ಲಿಯ ರೈತನ ಬಾಯಲ್ಲೂ ಇವೆ, ಇಲ್ಲಿಯ ರೈತನ ಬಾಯಲ್ಲೂ ಇವೆ. ದಫ್ತರದ ಈ ಪುಟ್ಟ ಶಬ್ದಗಳ ಹಿಂದೆ ಎಷ್ಟು ಕಣ್ಣೀರಿದೆಯೆಂಬುದನ್ನು ಎರಡೂ ಕಡೆಯವರು ಬಲ್ಲರು. ಏಕೆಂದರೆ ಅಲ್ಲಿಯೂ ಭೂಸ್ವಾಧೀನವಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಸಂದವು. ನಮ್ಮ ಓಣಿಯೂ ಅವುಗಳಲ್ಲೊಂದು. ನಮಗಾಗಿ ಕಟ್ಟಿದ ಊರಿಗೆ ನವನಗರವೆಂದು ಹೆಸರು. ಅಲ್ಲಿಯೂ ಸೆಕ್ಟರುಗಳು, ಅವಕ್ಕೂ ಅಂಕಿಗಳು! ಒಂದು ನವನಗರದಿಂದ ಹೊರಟವನು ಇನ್ನೊಂದು ನವನಗರದಲ್ಲಿ ಬಿಡಾರ ಹೂಡಿದ್ದೇನೆ. ವ್ಯತ್ಯಾಸವೆಂದರೆ, ಅಲ್ಲಿ ನಾವು ನೆಲ ಕೊಟ್ಟವರು. ಇಲ್ಲಿ ಬೇರೆಯವರು ಕೊಟ್ಟ ನೆಲದ ಮೇಲೆ ನೆಲೆಸಿದವರು.

ಇಲ್ಲಿ ನೆಲ ಕೊಟ್ಟವರು ಸುಮ್ಮನೆ ಕೊಡಲಿಲ್ಲ. ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು ನ್ಯಾಯವಾದ ಪರಿಹಾರಕ್ಕಾಗಿ ಹೋರಾಡಿದರು. 1984ರ ಜನವರಿಯಲ್ಲಿ ಉರಣದ ಕಡೆ ನಡೆದ ಗೋಲೀಬಾರಿನಲ್ಲಿ ಐವರು ಪ್ರಾಣ ಕೊಟ್ಟರು. ಅದರ ಫಲವಾಗಿಯೇ ಮುಂದೆ, ಸ್ವಾಧೀನವಾದ ಜಮೀನಿನ ನೂರಕ್ಕೆ 12.5 ಪಾಲಿನಷ್ಟು ಅಭಿವೃದ್ಧಿಪಡಿಸಿದ ನಿವೇಶನವನ್ನು ಹಳ್ಳಿಗರಿಗೆ ಹಿಂದಿರುಗಿಸುವ ಯೋಜನೆ ಬಂದಿತು. ನಮ್ಮಲ್ಲಿ ಎಷ್ಟೋ ಜನ ಇಂದು ಬಾಡಿಗೆಗಿರುವ ಕಟ್ಟಡಗಳು ಎದ್ದಿರುವುದು ಇಂಥ ನಿವೇಶನಗಳಲ್ಲಿಯೇ. ತಿಂಗಳ ಬಾಡಿಗೆ ಎಣಿಸುವಾಗ ಮನೆಯ ಮಾಲಕರ ಮೇಲೆ ನಾವು ಗೊಣಗುವುದುಂಟು. ಒಂದು ಕಾಲದಲ್ಲಿ ಅವರಿಗೆ ವರುಷಕ್ಕಾಗುವಷ್ಟು ಅಕ್ಕಿ ಸ್ವಂತ ಗದ್ದೆಯಿಂದಲೇ ಬರುತ್ತಿತ್ತೆಂಬುದನ್ನು ಮಾತ್ರ ನೆನೆಯುವುದಿಲ್ಲ.

ನಮ್ಮ ಮಾಲಕರ ಮನೆಯ ಆಜಿಗೆ ಎಂಬತ್ತು ದಾಟಿದೆ. ಒಮ್ಮೆ ಬಾಡಿಗೆ ಕೊಡಲು ಹೋದಾಗ “ನಿನ್ನ ಗಾಂವ ಯಾವುದು, ಬಾಳಾ?” ಎಂದು ಕೇಳಿದರು. “ಬಾಗಲಕೋಟೆ, ಆಜೀ. ನಮ್ಮ ಓಣಿ ನೀರಿನಲ್ಲಿ ಹೋಯಿತು” ಎಂದೆ. ಆಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದುರಿನ ಏಳಂತಸ್ತಿನ ಕಟ್ಟಡದತ್ತ ಕೈ ಮಾಡಿ, “ನಿಮ್ಮದು ನೀರಿನಲ್ಲಿ ಹೋಯಿತು, ನಮ್ಮದು ಮಣ್ಣಿನಲ್ಲಿ ಹೋಯಿತು. ಅಲ್ಲಿ ನಮ್ಮ ಗದ್ದೆಯಿತ್ತು, ಮುರುಮು ಸುರಿದು ಎತ್ತರ ಮಾಡಿದರು” ಎಂದರು. ಹಣ ಎಣಿಸಲಿಲ್ಲ, ಚಹಾ ಕೊಟ್ಟು ಕಳಿಸಿದರು.

2004ರಲ್ಲಿ ಠಾಣೆ-ತುರ್ಭೆ-ವಾಶಿ ಮಾರ್ಗದಲ್ಲಿ ಲೋಕಲ್ ಗಾಡಿ ಓಡತೊಡಗಿದ ಮೇಲೆ ಘಣಸೋಲಿಗೆ ಬರುವುದು ಸುಲಭವಾಗಿದೆ. ಗಾಡಿಯಿಂದಿಳಿದು ರಿಕ್ಷಾ ಹಿಡಿಯುವ ಬದಲು ಒಂದು ಆದಿತ್ಯವಾರ ಹಳ್ಳಿಯೊಳಗೆ ನಡೆದು ನೋಡಿರಿ. ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಗಲ್ಲಿಗಳು, ಒಂದಕ್ಕೊಂದು ಆತುಕೊಂಡ ಮನೆಗಳು, ಬಾಗಿಲಲ್ಲಿ ಒಣಗುವ ಬೊಂಬಿಲ ಮೀನಿನ ವಾಸನೆ ಸಿಕ್ಕುತ್ತವೆ. ಕಾರ್ಲಾದ ಏಕವೀರೆ ಇವರ ಕುಲದೇವತೆ. ನಾರಳಿ ಹುಣ್ಣಿವೆಯಂದು ಕೋಳಿ ಜನ ನೀರಿಗೆ ತೆಂಗಿನಕಾಯಿ ಅರ್ಪಿಸುವುದನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ.

ನಮ್ಮ ಮಕ್ಕಳು ಹುಟ್ಟಿದ್ದು ಇಲ್ಲಿ. ಅವರಿಗೆ ನಮ್ಮ ಹೊಳೆಯ ಹೆಸರು, ಕುಲದೇವರ ಹೆಸರು ಕಲಿಸುತ್ತೇವೆ, ಕಲಿಸಲೇಬೇಕು. ಅದರ ಜೊತೆಗೆ, ತಾವು ಆಡುವ ಮೈದಾನ ಯಾರ ಗದ್ದೆಯಾಗಿತ್ತೆಂಬುದನ್ನೂ ಅವರು ಕೇಳಿ ತಿಳಿಯಲಿ. ಅದನ್ನು ಹೇಳಬಲ್ಲ ಹಿರಿಯರು ಹಳ್ಳಿಯಲ್ಲಿ ಇನ್ನೂ ಇದ್ದಾರೆ. ವರುಷ ಕಳೆದಂತೆ ಅವರ ಸಂಖ್ಯೆ ಕಡಮೆಯಾಗುತ್ತಿದೆ. ಕೇಳುವುದನ್ನು ಮುಂದೂಡುವುದು ಬೇಡ.