ಲಾಂಚು

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಸಿಗಂದೂರಿನ ಕಡೆಗೆ ಹೊರಟ ರಸ್ತೆಯು ಬಹುಕಾಲ ಹೊಳೆಬಾಗಿಲು ಎಂಬಲ್ಲಿ ನೀರಿಗಿಳಿದು ಮುಗಿದುಹೋಗುತ್ತಿತ್ತು. ಎದುರಿಗೆ ಶರಾವತಿಯ ವಿಶಾಲವಾದ ಹಿನ್ನೀರು; ಅದರಾಚೆ ಮಸುಕಾಗಿ ತೋರುವ ಕಾಡು. ಬಸ್ಸು, ಜೀಪುಗಳು ಸಾಲಾಗಿ ನಿಲ್ಲುತ್ತಿದ್ದುವು. ಜನರು ಇಳಿದು ದಡದ ನೆರಳನ್ನು ಅರಸುತ್ತಿದ್ದರು. ಸಂತೆಯ ಚೀಲವನ್ನು ಪಕ್ಕಕ್ಕಿರಿಸಿ ಕುಳಿತ ಮುದುಕಿಯೊಬ್ಬಳು, “ಲಾಂಚು ಇನ್ನೂ ಆ ದಡದಲ್ಲೇ ಇದೆಯೇನೋ, ತಮ್ಮಾ?” ಎಂದು ಕೇಳುವಳು. “ಹೊರಟಿತು, ಅಜ್ಜೀ” ಎಂದು ಪಕ್ಕದ ಹುಡುಗನು ಹೇಳುವನು. ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಆಕೆಗೆ ಅದು ಪರಭಾಷೆಯ ಪದವೆಂದು ತೋರಿರಲಾರದು. ಹೊಳೆ, ಮನೆ, ಅಕ್ಕಿ ಎಂಬ ಮಾತುಗಳಂತೆ ಅದೂ ಒಂದು ಮಾತು.

ಇಂಗ್ಲಿಷಿನಲ್ಲಿ ‘ಲಾಂಚ್’ ಎಂಬ ಒಂದೇ ಉಚ್ಚಾರಣೆಯ ಎರಡು ಪದಗಳಿವೆ. ಹೊಸ ಹಡಗನ್ನು ನೀರಿಗಿಳಿಸುವುದಕ್ಕೂ ರಾಕೆಟ್ಟನ್ನು ಹಾರಿಸುವುದಕ್ಕೂ ಬಳಸುವ ಪದ ಒಂದು. ಅದು ಹಳೆಯ ಫ್ರೆಂಚಿನಿಂದ ಬಂದುದು. ಈಟಿಯನ್ನು ಎಸೆಯುವ ಅರ್ಥ ಅದರ ಹಿಂದೆ ಇದೆ. ದೋಣಿಯ ಹೆಸರಾದ ಲಾಂಚ್ ಬೇರೆಯೇ ಕುಲದ್ದು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ನಾವಿಕರ ‘ಲಾಂಚಾ’ ಎಂಬ ಮಾತಿನಿಂದ ಅದು ಇಂಗ್ಲಿಷಿಗೆ ಬಂದಿತು. ಆ ಲಾಂಚಾ ಪ್ರಾಯಶಃ ಮಲಯ್ ಭಾಷೆಯ ‘ಲಂಚಾರ್’ ಎಂಬ ಪದದಿಂದ ಹುಟ್ಟಿತೆಂದು ಭಾಷಾಶಾಸ್ತ್ರಜ್ಞರ ಊಹೆ. ಲಂಚಾರ್ ಎಂದರೆ ತಡೆಯಿಲ್ಲದ್ದು, ಚುರುಕಾದದ್ದು. (ಕನ್ನಡದ ಲಂಚಕ್ಕೂ ಇದಕ್ಕೂ ಯಾವ ನಂಟೂ ಇಲ್ಲ.) ಮುಂದೆ ಯುದ್ಧನೌಕೆಗಳು ತಮ್ಮೊಡನೆ ಒಯ್ಯುತ್ತಿದ್ದ ದೊಡ್ಡ ದೋಣಿಗೆ ಈ ಹೆಸರು ಸಂದಿತು. ಉಗಿಯಂತ್ರದ ಕಾಲ ಬಂದಾಗ ಯಂತ್ರದಿಂದ ನಡೆಯುವ ದೋಣಿಗೂ ಅದೇ ಹೆಸರು ಅಂಟಿತು. ಪೂರ್ವದೇಶದ ಕಡಲಿನಿಂದ ಹೊರಟ ಪದವೊಂದು ಯೂರೋಪನ್ನು ಸುತ್ತಿ, ಮಲೆನಾಡಿನ ಹೊಳೆಯೊಂದಕ್ಕೆ ಬಂದು ಇಳಿದುದು ಸಣ್ಣ ಪ್ರಯಾಣವೇನೂ ಅಲ್ಲ.

ಕನ್ನಡಕ್ಕೆ ದೋಣಿಯ ಹೆಸರುಗಳ ಬಡತನವಿರಲಿಲ್ಲ. ತೆಪ್ಪ, ಹರಿಗೋಲು, ನಾವೆ, ಹಡಗು ಎಲ್ಲವೂ ಇದ್ದುವು. ಆದರೆ ಬಸ್ಸನ್ನೇ ಬೆನ್ನಮೇಲೆ ಹೊತ್ತು, ಅಗಲವಾದ ಕಬ್ಬಿಣದ ಹಾಸಿನೊಡನೆ ಗುಡುಗುಡು ಎಂದು ಬರುವ ಈ ವಾಹನವನ್ನು ಹರಿಗೋಲೆಂದು ಕರೆಯಲು ಯಾರಿಗೂ ಬಾಯಿ ಬರಲಿಲ್ಲ. ಜನರು ಅದರ ತುದಿಗೆ ಒಂದು ಉಕಾರವನ್ನು ಸೇರಿಸಿ ಲಾಂಚು ಎಂದರು. ಲಾಂಚಿಗೆ, ಲಾಂಚಿನಲ್ಲಿ ಎಂದು ವಿಭಕ್ತಿಗಳನ್ನು ಹಚ್ಚಿದರು. ಅಲ್ಲಿಗೆ ಪದವು ಕನ್ನಡದ್ದಾಯಿತು. ಇಂಗ್ಲಿಷಿನಲ್ಲಿ ಇಂತಹ ವಾಹನಕ್ಕೆ ‘ಫೆರ್ರಿ’ ಎಂಬ ಹೆಸರೇ ಹೆಚ್ಚು ಸಲ್ಲುತ್ತದೆಂದು ನಿಘಂಟು ಬಲ್ಲವರು ಹೇಳಬಹುದು. ಆ ದಡದ ಜನರಿಗೆ ನಿಘಂಟಿನಿಂದ ಆಗಬೇಕಾದುದೇನೂ ಇರಲಿಲ್ಲ.

ಅವರಿಗೆ ಈ ಪದವನ್ನು ತಂದುಕೊಟ್ಟುದು ವಿದ್ಯುತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಲ್ಲುವ ಆ ಜಲಾಶಯದಲ್ಲಿ ಊರುಗಳು, ಅಡಕೆಯ ತೋಟಗಳು, ಗದ್ದೆಗಳು ಮುಳುಗಿದುವು. 1948ರಲ್ಲಿ ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಅದು ಮತ್ತೆ ತಲೆಯೆತ್ತುವುದುಂಟು. ಹಲವರು ಮನೆಮಾರುಗಳನ್ನು ಬಿಟ್ಟು ದೂರ ಹೋದರು. ಕರೂರು, ಬಾರಂಗಿ ಹೋಬಳಿಗಳ ಕಡೆ ಉಳಿದವರು ನೀರಿನ ಆಚೆಯವರಾದರು. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ದೊಡ್ಡ ಪೇಟೆ ಎಲ್ಲವೂ ಈಚೆ ದಡದ ಸಾಗರದಲ್ಲಿ. ಸುತ್ತಿ ಹೋಗುವ ಮಾರ್ಗವಿದ್ದರೂ ಅದು ಎಷ್ಟೋ ಪಟ್ಟು ದೂರ. ನಾಡಿಗೆ ಬೆಳಕಾದ ನೀರು ಅವರಿಗೆ ಮಾತ್ರ ಅಡ್ಡಗೋಡೆಯಾಯಿತು.

ಹೀಗಾಗಿ ಚುರುಕು ಎಂಬರ್ಥದಿಂದ ಹೊರಟಿತೆನ್ನಲಾದ ಪದಕ್ಕೆ ಇಲ್ಲಿ ಕಾಯುವಿಕೆ ಎಂಬ ಅರ್ಥ ಬಂದಿತು. ‘ಲಾಂಚು ತಪ್ಪಿತು’ ಎಂದರೆ ಕೆಲಸ ಕೆಟ್ಟಿತು ಎಂದೇ. ‘ಕೊನೆಯ ಲಾಂಚು ಹೋಯಿತು’ ಎಂದರೆ ಅಂದಿನ ದಿನ ಮುಗಿಯಿತು. ಬಂಧುಗಳ ಮನೆಯಲ್ಲಿಯೋ ಅಂಗಡಿಯ ಜಗುಲಿಯಲ್ಲಿಯೋ ಮಲಗಬೇಕು. ಮದುವೆಯ ಲಗ್ನವನ್ನಿಡುವಾಗಲೂ ಪಂಚಾಂಗದೊಡನೆ ಲಾಂಚಿನ ವೇಳೆಯನ್ನು ನೋಡಬೇಕಾಗಿತ್ತು. ಬೇಸಗೆಯಲ್ಲಿ ನೀರು ತೀರ ಇಳಿದರೆ ವಾಹನಗಳನ್ನು ಹತ್ತಿಸುತ್ತಿರಲಿಲ್ಲ, ಜನರಿಗಷ್ಟೇ ಅವಕಾಶ. ಇವೆಲ್ಲವೂ ನಗುತ್ತ ಸಹಿಸಬಹುದಾದ ತೊಂದರೆಗಳು. ಆದರೆ ರಾತ್ರಿ ಹೆರಿಗೆಯ ನೋವು ಕಾಣಿಸಿಕೊಂಡ ಮನೆಯಲ್ಲಿ, ಹಾವು ಕಚ್ಚಿದವನ ಪಕ್ಕದಲ್ಲಿ, ಬೆಳಗಿನ ಮೊದಲ ಲಾಂಚಿಗಾಗಿ ಕಾಯುವವರಿಗೆ ಒಂದು ಗಳಿಗೆ ಎಂದರೆ ಎಷ್ಟು ಉದ್ದವೆಂಬುದು ಈಚೆ ದಡದವರಿಗೆ ತಿಳಿಯುವಂತಿರಲಿಲ್ಲ. ದೇವಿಯ ದರ್ಶನಕ್ಕೆಂದು ದೂರದಿಂದ ಬಂದ ಯಾತ್ರಿಕರು ಲಾಂಚಿನ ಕಂಬಿಗೆ ಒರಗಿ, ಗಾಳಿಗೆ ಮುಖವೊಡ್ಡಿ, “ಎಷ್ಟು ಚೆನ್ನಾಗಿದೆ!” ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಒಂದೇ ಹಾಸಿನ ಮೇಲೆ ಇಬ್ಬರೂ ನಿಂತಿದ್ದರು. ಒಬ್ಬರಿಗೆ ಅದು ವಿಹಾರ, ಇನ್ನೊಬ್ಬರಿಗೆ ದಾರಿ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯು ಸಂಚಾರಕ್ಕೆ ತೆರೆಯಿತು. ಸುಮಾರು ಆರು ದಶಕಗಳ ಕೇಳಿಕೆ ಈಡೇರಿತು. ಈಗ ಬಸ್ಸುಗಳು ನಿಲ್ಲದೆ ಕೆಲವೇ ನಿಮಿಷಗಳಲ್ಲಿ ನೀರನ್ನು ದಾಟುತ್ತವೆ. ಸಾಗರಕ್ಕೆ ಹೋಗಬೇಕಾದ ದಿನ ಗಂಟೆ ಮೊದಲೇ ಚೀಲ ಹಿಡಿದು ಅಂಗಳಕ್ಕಿಳಿಯುವುದು ಮಾತ್ರ ಹಿರಿಯರಿಗೆ ಒಮ್ಮೆಲೇ ಬಿಟ್ಟುಹೋಗುವ ರೂಢಿಯಲ್ಲ. “ಇಷ್ಟು ಬೇಗ ಯಾಕೆ, ಅಜ್ಜಾ? ಸೇತುವೆ ಆಯಿತಲ್ಲ!” ಎಂದು ಮನೆಯ ಮಕ್ಕಳು ನೆನಪಿಸಬೇಕಾಗುತ್ತದೆ.