ದೇಹೂ ರೋಡಿನಲ್ಲೊಂದು ಭಾನುವಾರ

ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ಗಾಡಿಯಲ್ಲಿ ಆಕುರ್ಡಿ ದಾಟಿದೊಡನೆ ಬರುವ ನಿಲ್ದಾಣವೇ ದೇಹೂ ರೋಡ್. ತುಕಾರಾಮ ಮಹಾರಾಜರ ದೇಹೂ ಇದೇ ಇರಬೇಕೆಂದು ಗಂಟುಮೂಟೆ ಸಹಿತ ಇಳಿದು ಪೇಚಾಡಿದ ನಮ್ಮವರು ಹಲವರಿದ್ದಾರೆ. ಮೊದಲ ಸಲ ನಾನೂ ಹಾಗೆಯೇ ಇಳಿದವನು. ಇಂದ್ರಾಯಣಿಯ ದಡದ ಆ ಪುಣ್ಯಕ್ಷೇತ್ರ ಇಲ್ಲಿಂದ ಇನ್ನೂ ಕೆಲವು ಕಿಲೋಮೀಟರು ದೂರ. ಇದು ಬರಿಯ 'ರೋಡು'. ಇಲ್ಲಿರುವುದು ದಂಡಿನ ಪ್ರದೇಶ, ತಂತಿಬೇಲಿ, ಮುಗಿಯದ ಗೋಡೆ, ಅದರಾಚೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಹೂಡಿದ ಸೈನ್ಯದ ಉಗ್ರಾಣಗಳು. ೧೯೫೪ರ ಡಿಸೆಂಬರ್ ೨೫ರಂದು ಡಾ. ಅಂಬೇಡ್ಕರರು ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದ್ದೂ ಈ ಊರಿನಲ್ಲೇ.

ನನ್ನ ಸೋದರಮಾವನ ಮನೆ ಅಲ್ಲಿದೆ. "ಇಂಗ್ಲಿಷಿನಾಗ ಒಂದು ಅರ್ಜಿ ಬರೀಬೇಕಾಗೇದ, ನೀ ಬಿ.ಎ. ಮಾಡಿದಾಂವ, ಬಾ" ಎಂದು ಫೋನು ಮಾಡಿದ್ದರು. ಸರಕಾರಿ ಗುಮಾಸ್ತನಿಗೆ ರಜೆಯ ದಿನವೂ ಅರ್ಜಿ ತಪ್ಪಿದ್ದಲ್ಲ. ಹೋದೆ.

ಅತ್ತಿ ಚುರುಮರಿ ಒಗ್ಗರಣೆ, ಚಹಾ ತಂದಿಟ್ಟರು. ಮಾಮಾ ಹಳೆಯ ಪತ್ರಿಕೆಯೊಂದನ್ನು ಮಡಿಚಿಟ್ಟುಕೊಂಡಿದ್ದರು, ಉಕ್ರೇನಿನ ಸುದ್ದಿ. ೨೦೨೨ರ ಫೆಬ್ರುವರಿಯಲ್ಲಿ ರಷ್ಯ ಮೇಲೆ ಬಿದ್ದಂದಿನಿಂದ ಆ ದೇಶ ಆಕಾಶ ಕಾಯುವ ಸಾಧನ ಕೊಡಿರೆಂದು ಮೊರೆಯಿಡುತ್ತಿದ್ದರೂ ಮೊದಲ ಪೇಟ್ರಿಯಟ್ ಕ್ಷಿಪಣಿಗಳು ಅದರ ಕೈಸೇರಿದ್ದು ೨೦೨೩ರ ಏಪ್ರಿಲಿನಲ್ಲಿ.

"ನಾವೂ ಹೀಂಗ ಬೇಡಿದವ್ರs ತಮ್ಮಾ" ಎಂದರು ಮಾಮಾ. "ಅರ್ಜಿ ಆಮ್ಯಾಲೆ ಬರಿಯೋಣಂತ, ಮೊದಲ ಇದನ್ನ ಕೇಳು."

೧೯೬೨ರಲ್ಲಿ ಅವರಿಗೆ ಒಂಬತ್ತು ವರ್ಷ. ಧಾರವಾಡ ಬಿಟ್ಟು ಬಂದ ಅವರ ತಂದೆ ಡಿಪೋದಲ್ಲಿ ಸಾಮಾನು ಎಣಿಸುವ ಕಾರಕೂನರು. "ಆ ದಿವಸ ಅಪ್ಪ ಮಧ್ಯರಾತ್ರಿಗೆ ಮನಿಗೆ ಬರ್ತಿದ್ದ. ಪೆಟ್ಟಿಗ್ಯಾಗ ಏನಿರ್ತದ ಅಂತ ಅವ್ವ ಕೇಳಿದ್ರ 'ಸಾಬಾಣ' ಅಂತಿದ್ದ. ಇಷ್ಟು ಸಾಬಾಣ ಹಚ್ಚಿ ಚೀನಾದವ್ರಿಗೆ ಜಳಕಾ ಮಾಡಸ್ತೀರೇನು ಅಂತ ಅವ್ವ ಬೈತಿದ್ಲು." ಹಾಗೆ ಬೈದ ಅವ್ವನೇ ಒಂದು ಜೊತೆ ಬಂಗಾರದ ಬಳೆಗಳನ್ನು ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟು ಬಂದಳಂತೆ.

ಮಾಮಾ ಹೇಳಿದ್ದಕ್ಕೆ ನಾನು ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ಅಕ್ಟೋಬರ್ ೨೦ರಂದು ಚೀನದ ಸೈನ್ಯ ಲಡಾಖಿನಲ್ಲೂ ನೇಫಾದಲ್ಲೂ ಒಮ್ಮೆಗೇ ನುಗ್ಗಿತು. ನಮ್ಮ ವಾಯುಪಡೆ ಜನರನ್ನೂ ಸರಂಜಾಮನ್ನೂ ಸಾಗಿಸಿತೇ ಹೊರತು ಶತ್ರುವಿನ ಮೇಲೆ ಬಾಂಬು ಹಾಕಲು ಅದಕ್ಕೆ ಅಪ್ಪಣೆಯಾಗಲಿಲ್ಲ. ನಾವು ಹಾಕಿದರೆ ಅವರು ಕಲ್ಕತ್ತೆಯಂಥ ಊರುಗಳ ಮೇಲೆ ಹಾಕುವರು, ಆ ಊರುಗಳನ್ನು ಕಾಯಲು ನಮ್ಮಲ್ಲಿ ರಾಡಾರೂ ಸಾಲದು, ರಾತ್ರಿ ಕಾದಾಡುವ ವಿಮಾನಗಳೂ ಸಾಲವು ಎಂಬ ಅಂಜಿಕೆ. ಮನೆಗೆ ಮಾಡಿಲ್ಲದವನು ಬೀದಿಯಲ್ಲಿ ಕಲ್ಲೆತ್ತಲು ಹಿಂಜರಿದಂತೆ.

ನವೆಂಬರ್ ೧೯ರಂದು, ಬೊಮ್ದಿಲಾ ಕೈಬಿಟ್ಟ ಗಳಿಗೆಯಲ್ಲಿ, ಪ್ರಧಾನಿ ನೆಹರೂ ಅವರು ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೆ ಒಂದೇ ದಿನ ಎರಡು ಕಾಗದ ಬರೆದರು. ಶಬ್ದವನ್ನು ಮೀರಿಸುವ ವೇಗದ, ಎಲ್ಲ ಹವೆಯಲ್ಲೂ ಹಾರಬಲ್ಲ ಯುದ್ಧವಿಮಾನಗಳ ಕನಿಷ್ಠ ೧೨ ಸ್ಕ್ವಾಡ್ರನ್ ಬೇಕು, ರಾಡಾರ್ ಬೇಕು, ನಮ್ಮ ಹುಡುಗರು ಕಲಿಯುವ ತನಕ ಅವನ್ನು ನಡೆಸಲು ನಿಮ್ಮ ಜನವೇ ಬೇಕು. ಅಲಿಪ್ತ ನೀತಿಯನ್ನು ಲೋಕಕ್ಕೆ ಸಾರಿದವರ ಕೈಯಿಂದ ಇಂಥ ಕಾಗದ! ದಿನಕ್ಕೆ ಇಪ್ಪತ್ತು ಪತ್ರ ರವಾನಿಸುವ ನನಗೆ, ಅದನ್ನು ಟೈಪು ಮಾಡಿದವನ ಬೆರಳು ನಡುಗಿರಬೇಕು ಎನಿಸುತ್ತದೆ. ನಮ್ಮ ಪಠ್ಯಪುಸ್ತಕದಲ್ಲಿ ಈ ಕಾಗದದ ಮಾತೇ ಇರಲಿಲ್ಲ.

ಆ ವಿಮಾನಗಳು ಕಾದಾಡಲು ಬರಬೇಕಾಗಲಿಲ್ಲ. ನವೆಂಬರ್ ೨೧ರಂದು ಚೀನವೇ ಕದನವಿರಾಮ ಸಾರಿತು. ಅದೇ ದಿನ ನಮ್ಮ ಯಶವಂತರಾವ್ ಚವ್ಹಾಣರು ದಿಲ್ಲಿಯಲ್ಲಿ ರಕ್ಷಣಾ ಮಂತ್ರಿಯಾದರು. ಅದಕ್ಕೂ ಮೊದಲೇ ಅಮೆರಿಕ, ಬ್ರಿಟನ್‌ಗಳಿಂದ ವಿಮಾನದಲ್ಲಿ ಶಸ್ತ್ರಾಸ್ತ್ರಗಳು ಬಂದಿಳಿದಿದ್ದವು, ಅದನ್ನು ಮರೆಯಬಾರದು. ೧೯೬೩ರ ನವೆಂಬರಿನಲ್ಲಿ ಆ ಎರಡು ದೇಶಗಳ ಜೊತೆ ಆಸ್ಟ್ರೇಲಿಯವೂ ಸೇರಿ ನಮ್ಮ ವಾಯುಪಡೆಯೊಡನೆ 'ಶಿಕ್ಷಾ' ಎಂಬ ಹೆಸರಿನ ಕವಾಯತು ನಡೆಸಿದವು. ಊರುಗಳನ್ನು ಆಕಾಶದಿಂದ ಕಾಯುವ ಅಭ್ಯಾಸವದು. ಅಭ್ಯಾಸ ಮುಗಿಯಿತು, ಬಂದ ವಿಮಾನಗಳು ತಮ್ಮ ದೇಶಕ್ಕೆ ಹೊರಟುಹೋದವು.

ಎರಡೇ ವರ್ಷ ಕಳೆದಿತ್ತು. ೧೯೬೫ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ಹತ್ತಿದಾಗ ಅಮೆರಿಕವೂ ಬ್ರಿಟನ್ನೂ ಎರಡು ಕಡೆಗೂ ಆಯುಧ ನಿಲ್ಲಿಸಿಬಿಟ್ಟವು. ಎದುರಾಳಿಯ ಸೇಬರ್ ಜೆಟ್‌ಗಳು ಮಾತ್ರ ಅಮೆರಿಕವೇ ಹಿಂದೆ ಕೊಟ್ಟವು. ಅವನ್ನು ಎದುರಿಸಿದ ಪುಟ್ಟ ನ್ಯಾಟ್ ವಿಮಾನ ನಮ್ಮ ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಕಟ್ಟಿದ ಕಾರ್ಖಾನೆ. ಮಹಾಯುದ್ಧದಲ್ಲಿ ಅಮೆರಿಕದವರ ವಿಮಾನಗಳಿಗೇ ಅಲ್ಲಿ ದುರಸ್ತಿಯಾಗುತ್ತಿತ್ತು!

"ಆವಾಗ ಕಿಡಕಿಗೆಲ್ಲ ಕರಿ ಕಾಗದ" ಎಂದರು ಮಾಮಾ. "ಡಿಪೋದ ಮಗ್ಗಲದಾಗ ಇದ್ದವ್ರು ನಾವು. ಮ್ಯಾಲಿಂದ ಒಂದು ಬಿದ್ರ ಊರs ಹಾರತದ ಅಂತ ಸಣ್ಣವ್ರಿಗೂ ಗೊತ್ತಿತ್ತು. ಆದ್ರ ಊರು ಬಿಟ್ಟು ಹೋಗೂಣು ಅಂತ ನಮ್ಮ ಮನ್ಯಾಗ ಯಾರೂ ಅನ್ನಲಿಲ್ಲ."

ಕೊನೆಗೆ ಅರ್ಜಿಯ ಮಾತಿಗೆ ಬಂದೆವು. ಮದ್ದುಗುಂಡಿನ ಉಗ್ರಾಣದ ಸುತ್ತ ೨೦೦೦ ಗಜದೊಳಗೆ ಹೊಸ ಕಟ್ಟಡ ಕೂಡದೆಂಬ ನಿರ್ಬಂಧ. ಇದರ ಬೇರು ೧೯೦೩ರ ಕಾನೂನಿನಲ್ಲಿದೆ. ಈ ಕಡೆಯ ಜನ ಇದನ್ನು 'ರೆಡ್ ಝೋನ್' ಎನ್ನುತ್ತಾರೆ. ಮಾಮಾ ಭವಿಷ್ಯನಿಧಿಯ ಹಣದಲ್ಲಿ ಕೊಂಡ ಒಂದು ಗುಂಟೆ ಜಾಗ ಅದರೊಳಗಿದೆ. ಮಾರಿದವನು ಹೇಳಲಿಲ್ಲ, ಇವರು ಕೇಳಲಿಲ್ಲ. ಮಗ ಮದುವೆಯಾಗಿ ಚಿಂಚವಾಡದಲ್ಲಿ ಬಾಡಿಗೆಗಿದ್ದಾನೆ. ತಿಂಗಳ ಬಾಡಿಗೆಯ ಮೊತ್ತ ಹೇಳುವಾಗ ಅತ್ತಿ ಸೆರಗಿನಿಂದ ಮುಖ ಒರೆಸಿಕೊಂಡರು.

ನೆರೆಯವರು ಕೂಡಿ ತಯಾರಿಸಿದ ಮರಾಠಿ ಕರಡು ನನ್ನ ಮುಂದಿತ್ತು. ಗಡಿ ಕಡಿಮೆ ಮಾಡಬೇಕು, ಇಲ್ಲವೆ ಪರಿಹಾರ ಕೊಡಬೇಕು, ಇಲ್ಲವೆ ಉಗ್ರಾಣವನ್ನೇ ಬೇರೆಡೆಗೆ ಒಯ್ಯಬೇಕು ಎಂದು ಅದರಲ್ಲಿತ್ತು. ನಾನು ನಮ್ಮ ಕಚೇರಿಯ ಇಂಗ್ಲಿಷಿನಲ್ಲಿ ಒಪ್ಪವಾಗಿ ಇಳಿಸಿ ಓದಿ ಅರ್ಥ ಹೇಳಿದೆ. ಮೂರನೆಯ ಬೇಡಿಕೆಗೆ ಬಂದಾಗ ಮಾಮಾ ಕೈಯೆತ್ತಿದರು.

"ಅದನ್ನ ತಗದು ಹಾಕು."

"ಮಾಮಾ, ಉಳಿದವರು ಒಪ್ಪಬೇಕಲ್ಲ? ಅದಾದರೆ ನಿಮ್ಮ ಜಾಗ ಬಿಡುಗಡೆಯಾದೀತು."

"ಅವ್ರು ಬೇಕಾದ್ರ ಬ್ಯಾರೆ ಬರಕೊಳ್ಳಲಿ. ಅಪ್ಪ ಎಣಿಸಿದ ಪೆಟ್ಟಿಗಿ ಅವು. ಅವನ್ನ ತಗೀರಿ ಅಂತ ನಾ ಸಹಿ ಮಾಡಂಗಿಲ್ಲ."

ಅತ್ತಿ ಏನೋ ಹೇಳಹೋಗಿ ಸುಮ್ಮನಾದರು. ನಾನು ಸಾಲು ಹೊಡೆದು ಮತ್ತೆ ನಕಲು ತೆಗೆದೆ. ಸಹಿ ಮಾಡುವಾಗ ಅವರು ಬಹಳ ಹೊತ್ತು ತೆಗೆದುಕೊಂಡರು.

ಸಂಜೆ ನಿಲ್ದಾಣದ ತನಕ ನನ್ನನ್ನು ಕಳಿಸಲು ಬಂದರು. ಗಾಡಿ ಬರುವುದು ಕಂಡಾಗ, "ಸಂಘದ ಪತ್ರಿಕಾಕ್ಕ ಏನರೆ ಬರದ್ರ ಸಾಬಾಣದ ಮಾತು ಹಾಕಬ್ಯಾಡ, ಅಪ್ಪಗ ಶೋಭಸಂಗಿಲ್ಲ" ಎಂದರು. ಆಗಲಿ ಎಂದಿದ್ದೆ.